6.2 ಮೈಲಿ ಆಳದ ಭೂಕಂಪ

ಕ್ಯಾಲಿಫೋರ್ನಿಯಾದಲ್ಲಿ ಕಿಟಕಿ ಗಡಗಡ ಅಂದರೆ ನಾವು ಮೊದಲು ನೋಡುವುದು ಯುಎಸ್‌ಜಿಎಸ್ ತಾಣವನ್ನು. ಅದು ಇಲ್ಲಿನ ಸರ್ಕಾರಿ ಭೂವಿಜ್ಞಾನ ಸಂಸ್ಥೆ. ಅಲ್ಲಿ ಎಲ್ಲವೂ ಕಿಲೋಮೀಟರಿನಲ್ಲೇ: ಇಂಥ ಊರಿನಿಂದ 5 ಕಿ.ಮೀ. ವಾಯವ್ಯಕ್ಕೆ, ಆಳ 8 ಕಿ.ಮೀ. ಟಿವಿ ಹಾಕಿದರೆ ಅದೇ ಕಂಪನ 3 ಮೈಲಿ ದೂರ, 5 ಮೈಲಿ ಆಳ ಆಗಿರುತ್ತದೆ. ರಸ್ತೆ ಫಲಕಗಳೆಲ್ಲ ಮೈಲಿಯಲ್ಲಿರುವ ದೇಶ. ಮೆಟ್ರಿಕ್‌ಗೆ ಹೋಗಲು 1975ರಲ್ಲೇ ಕಾಯ್ದೆ ಮಾಡಿದರೂ ಕಡ್ಡಾಯ ಮಾಡಲಿಲ್ಲ. ಜನರಿಗೆ ತಿಳಿಯುವ ಲೆಕ್ಕದಲ್ಲಿ ಹೇಳಲಿ, ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು 6.2 ಮೈಲಿಯ ಬಗ್ಗೆ. ಸುದ್ದಿಗಳನ್ನು ಗಮನಿಸಿ, ಜಗತ್ತಿನ ಎಷ್ಟೋ ಭೂಕಂಪಗಳು ಸರಿಯಾಗಿ 6.2 ಮೈಲಿ ಆಳದಲ್ಲೇ ಆಗುತ್ತವೆ! ಕಂಪನದ ಅಲೆಗಳು ಯಾವ ಮಾಪನ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ತಲುಪಿದವು ಎಂಬುದರಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಹತ್ತಿರದಲ್ಲಿ ಕಂಪನ ಅಳೆಯುವ ಉಪಕರಣಗಳಿಲ್ಲದಿದ್ದರೆ ಆ ಲೆಕ್ಕ ಕೂಡಿಬರುವುದಿಲ್ಲ. ಕಂಪನ ಮೇಲ್ಪದರದ್ದು ಎಂದಷ್ಟೇ ಗೊತ್ತಿದ್ದಾಗ ವಿಜ್ಞಾನಿಗಳು ಸಾಮಾನ್ಯವಾಗಿ 10 ಕಿ.ಮೀ. ಎಂದು ಇಟ್ಟುಕೊಳ್ಳುತ್ತಾರೆ. ಹಿಂದೆ ಹೀಗೆಯೇ 33 ಎಂದು ಇಡುತ್ತಿದ್ದರು. ಹತ್ತು ಅನ್ನುವಾಗ ಅದು ಅಂದಾಜು ಎಂಬ ವಾಸನೆಯಾದರೂ ಇರುತ್ತದೆ. ಅದನ್ನೇ ಮೈಲಿಗೆ ತಿರುಗಿಸಿ 6.2 ಅಂದಕೂಡಲೇ ಯಾರೋ ಟೇಪು ಹಿಡಿದು ಅಳೆದು ಬಂದಂತೆ ಕಾಣುತ್ತದೆ. "ಸುಮಾರು 6 ಮೈಲಿ" ಎಂದು ಬರೆದಿದ್ದರೆ ಸಾಕಿತ್ತು.

ತಮಾಷೆಯೆಂದರೆ, ಅಮೆರಿಕನ್ನರ ಬಾಯಲ್ಲಿ ಸದಾ ಇರುವ ರಿಕ್ಟರ್ ಮಾಪಕ ಹುಟ್ಟಿದ್ದೇ ಮೆಟ್ರಿಕ್‌ನಲ್ಲಿ, ಅದೂ ಇದೇ ರಾಜ್ಯದ ಪಾಸಡೀನಾದಲ್ಲಿ, 1935ರಲ್ಲಿ. 100 ಕಿ.ಮೀ. ದೂರದಲ್ಲಿಟ್ಟ ನಿರ್ದಿಷ್ಟ ಬಗೆಯ ಉಪಕರಣದ ದಾಖಲೆಯಲ್ಲಿ 1 ಮಿಲಿಮೀಟರ್ ಎತ್ತರದ ಗೆರೆ ಮೂಡಿದರೆ ತೀವ್ರತೆ 3. ಗೆರೆ ಹತ್ತು ಪಟ್ಟಾದರೆ 4. ಈಗ ವಿಜ್ಞಾನಿಗಳು ದೊಡ್ಡ ಕಂಪನಗಳಿಗೆ ಬೇರೆ ಮಾಪಕ ಬಳಸುತ್ತಾರೆ, ಆದರೂ ಜನರ ಬಾಯಲ್ಲಿ ರಿಕ್ಟರ್ ಹೋಗಿಲ್ಲ. ಪುಣ್ಯಕ್ಕೆ ಆ ಅಂಕಿಗೆ ಕಿಲೋಮೀಟರ್, ಮೈಲಿಯಂಥ ಅಳತೆಯ ಮಾನ ಇಲ್ಲ, ಇದ್ದಿದ್ದರೆ ಅದನ್ನೂ ಇಂಚಿಗೆ ಇಳಿಸುತ್ತಿದ್ದರೇನೋ.

ಹಾಗಂತ ಎಲ್ಲ ಆಳವೂ ಅಂದಾಜಿನದಲ್ಲ. 1994ರ ನಾರ್ತ್‌ರಿಜ್ ಭೂಕಂಪ ಲಾಸ್ ಏಂಜಲೀಸ್‌ನಲ್ಲಿ, ಉಪಕರಣಗಳ ನಡುವೆಯೇ ಆಯಿತು; 6.7 ತೀವ್ರತೆ, ಸುಮಾರು 18 ಕಿ.ಮೀ. ಆಳ. ನಡುಸಾಗರದ ಕಂಪನಕ್ಕೆ ಆ ಅನುಕೂಲವಿಲ್ಲ. ಇಲ್ಲಿ ಭೂಮಿ ನಡುಗಿತಂತೆ ಎಂದು ಊರಿಂದ ಫೋನ್ ಮಾಡುವವರಿಗೆ ನಾನು ಹೇಳುವುದಿಷ್ಟೇ: 10 ಕಿ.ಮೀ. ಅಥವಾ 6.2 ಮೈಲಿ ಕಂಡರೆ ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿ. ಹೆಚ್ಚಿನ ದಾಖಲೆ ಸಿಕ್ಕಂತೆ ಯುಎಸ್‌ಜಿಎಸ್ ಅಂಕಿ ತಿದ್ದುತ್ತದೆ, ಸುದ್ದಿಯಲ್ಲಿ ಬಂದದ್ದು ಎಷ್ಟೋ ಸಲ ಹಾಗೇ ಉಳಿದಿರುತ್ತದೆ.