ಒಂದೊಂದು ಅಗುಳು

ಮಧ್ಯಾಹ್ನ ಮಗಳ ತಟ್ಟೆಯಲ್ಲಿ ನಾಲ್ಕೈದು ಅಗುಳು ಉಳಿದಿತ್ತು.
"ಬಿಡಬೇಡ ಪುಟ್ಟಿ, ಶಕುನಿ ಜೀವ ಉಳಿದಿದ್ದೇ ಅಷ್ಟರಲ್ಲಿ" ಅಂದರು ಅಮ್ಮ.

"ಶಕುನೀನಾ? ಅವನು ಕೆಟ್ಟವನಲ್ವಾ ಅಜ್ಜಿ?"

ಅಮ್ಮ ಶುರು ಮಾಡಿದರು. ದುರ್ಯೋಧನ ಶಕುನಿಯ ಅಪ್ಪನನ್ನು, ಅಣ್ಣತಮ್ಮಂದಿರನ್ನೆಲ್ಲ ಸೆರೆಗೆ ಹಾಕಿದನಂತೆ. ದಿನಕ್ಕೆ ತಲೆಗೊಂದೇ ಅಗುಳು. ಹೇಗೂ ಸಾಯ್ತೀವಿ, ಸೇಡು ತೀರಿಸೋಕೆ ಒಬ್ಬನಾದರೂ ಉಳಿಯಲಿ ಅಂತ ಎಲ್ಲರೂ ತಮ್ಮ ಪಾಲಿನ ಅಗುಳನ್ನು ಶಕುನಿಗೇ ಕೊಟ್ಟರು. ಅವನು ತಿಂದ. ಉಳಿದವರು ಒಬ್ಬೊಬ್ಬರೇ ಅವನ ಕಣ್ಣೆದುರೇ ಹೋದರು. ಆಮೇಲೆ ಅಪ್ಪನ ಮೂಳೆಯಿಂದ ದಾಳ ಮಾಡಿಕೊಂಡ.

ನನಗೆ ಸುಮ್ನೆ ಇರೋಕಾಗಲಿಲ್ಲ. "ವ್ಯಾಸಭಾರತದಲ್ಲಿ ಇದೆಲ್ಲ ಇಲ್ಲಮ್ಮ. ಅಲ್ಲಿ ಅವನ ಅಪ್ಪ ಸುಬಲ ಧರ್ಮರಾಯನ ರಾಜಸೂಯಕ್ಕೇ ಬಂದಿದ್ದಾನೆ. ಅಣ್ಣತಮ್ಮಂದಿರಲ್ಲಿ ವೃಷಕ, ಅಚಲ ಇಬ್ಬರೂ ಕೌರವರ ಕಡೆಯೇ ಹೋರಾಡಿ ಅರ್ಜುನನ ಕೈಯಲ್ಲಿ ಸತ್ತರು."

"ಬರೆದವರಿಗೆ ಹೊಟ್ಟೆ ತುಂಬಿತ್ತೇನೋ ಬಿಡು" ಅಂದರು ಅಮ್ಮ.

ಪಾತ್ರೆ ತೊಳೆಯುವಾಗಲೂ ಅದೇ ತಲೆಯಲ್ಲಿ. ದಾಳ ಅವನು ಹೇಳಿದ ಹಾಗೇ ಯಾಕೆ ಬೀಳುತ್ತಿತ್ತು? ಮೋಸ ಅಂದುಬಿಟ್ಟರೆ ಮುಗಿಯಿತು. ಆದರೆ ಈ ಕಥೆ ಕಟ್ಟಿದವರು ಯಾರೋ, ಅಲ್ಲಿ ಅಪ್ಪನನ್ನು ಕೂರಿಸಿದರು. ಮಗ ಕೇಳಿದ್ದನ್ನು ಅಪ್ಪ ಇಲ್ಲ ಅಂತಾನಾ?

ಹಾಗಂತ ದ್ರೌಪದಿ ಯಾರ ಅಗುಳು ಕಿತ್ತುಕೊಂಡಿದ್ದಳು? ಅದನ್ನು ಅಮ್ಮನ ಹತ್ತಿರ ಕೇಳಲಿಲ್ಲ. ಮಲಗಿದ್ದರು.

ಮಗಳು ಮಾತ್ರ ತಟ್ಟೆಯಲ್ಲಿದ್ದದ್ದನ್ನು ಬೆರಳಲ್ಲಿ ಒಂದೊಂದೇ ಎಣಿಸಿ ತಿಂದಿದ್ದಳು. ಐದು.