ಎರಡು ಬೆಡ್‌ರೂಮಿನ ಮನೆಯಲ್ಲಿ ಮೂರು ಮೀಟರ್ ಕಯಾಕ್ ಇಡುವುದು

ಕಯಾಕ್, ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಉದ್ದನೆಯ ಕಿರುದೋಣಿ, ಕೊಳ್ಳುವ ಮುಂಚೆ ಹೆಚ್ಚಿನವರು ಹಾಲಿನ ಗೋಡೆ ಅಳೆದು, ಹತ್ತು ಅಡಿ ಇದೆ, ಹಿಡಿಸುತ್ತದೆ ಎಂದು ತೀರ್ಮಾನಿಸುತ್ತಾರೆ. ಗೋಡೆ ಅಳೆಯುವುದು ಕೊನೆಯ ಕೆಲಸ. ಮೊದಲು ಅಳೆಯಬೇಕಾದ್ದು ಕಾರು ನಿಲ್ಲುವ ಜಾಗದಿಂದ ಆ ಗೋಡೆಯವರೆಗಿನ ದಾರಿ: ಲಿಫ್ಟ್, ಮೆಟ್ಟಿಲಿನ ತಿರುವು, ಕಾರಿಡಾರಿನ ಮೂಲೆ, ಮನೆ ಬಾಗಿಲು, ಒಳಗಿನ ಪ್ಯಾಸೇಜು. ಮನೆಯೊಳಗೆ ಜಾಗವಿದ್ದೂ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡ ದೋಣಿಗೆ ಪರಿಹಾರವಿಲ್ಲ.

ಲಿಫ್ಟ್‌ನಿಂದ ಶುರುಮಾಡೋಣ. ಎಂಟು ಜನ ಹಿಡಿಸುವ ಲಿಫ್ಟಿನ ಒಳ ಅಳತೆ ಸುಮಾರು 1.3 ಮೀ × 1.1 ಮೀ, ಎತ್ತರ 2.2 ಮೀ. ಕೆಳ ಮೂಲೆಯಿಂದ ಎದುರಿನ ಮೇಲ್ಮೂಲೆಗೆ ಲೆಕ್ಕ ಹಾಕಿದರೆ 2.78 ಮೀ ಬರುತ್ತದೆ. ಅದು ಬರೀ ಕೋಲಿನ ಲೆಕ್ಕ. 65–75 ಸೆಂಮೀ ಅಗಲದ ದೋಣಿ ಮೂಲೆಯೊಳಗೆ ಹೋಗಿ ಕೂರುವುದಿಲ್ಲ, ಬಾಗಿಲೂ ಸಾಮಾನ್ಯವಾಗಿ 2 ಮೀಟರೇ. ಹಾಗಾಗಿ 2.4 ಮೀಟರಿನ ಚಿಕ್ಕ ರಿವರ್ ಕಯಾಕ್ ಕೂಡ ಇಂಥ ಲಿಫ್ಟಿನಲ್ಲಿ ತಿಣುಕಾಡುತ್ತದೆ. ಸ್ಟ್ರೆಚರ್ ಹಿಡಿಸುವ ದೊಡ್ಡ ಲಿಫ್ಟ್ ಇದ್ದರೆ 2.7 ಮೀಟರಿನವರೆಗೆ ಆಸೆ ಇಟ್ಟುಕೊಳ್ಳಬಹುದು. ಉಳಿದವರಿಗೆ ಮೆಟ್ಟಿಲೇ ಗತಿ.

ಮೂಲೆ ತಿರುಗಿಸುವುದಕ್ಕೂ ಒಂದು ಲೆಕ್ಕವಿದೆ. ಒಂದೇ ಅಗಲದ ಎರಡು ಕಾರಿಡಾರ್‌ಗಳು ಲಂಬವಾಗಿ ಸೇರುವ ಕಡೆ, ಅಗಲವನ್ನು 1.414ರಿಂದ ಗುಣಿಸಿ, ಅದರಿಂದ ವಸ್ತುವಿನ ದಪ್ಪ ಕಳೆದು, ಬಂದದ್ದನ್ನು ಎರಡರಷ್ಟು ಮಾಡಿ. ಕಯಾಕನ್ನು ಪಕ್ಕಕ್ಕೆ ಹೊರಳಿಸಿ ಹಿಡಿದರೆ ದಪ್ಪ ಸುಮಾರು 35 ಸೆಂಮೀ. ಕಾರಿಡಾರ್ 1.2 ಮೀ ಇದ್ದರೆ ಉತ್ತರ 2.69 ಮೀ, 1.5 ಮೀ ಇದ್ದರೆ 3.54 ಮೀ. ಮೂವತ್ತು ಸೆಂಟಿಮೀಟರ್ ವ್ಯತ್ಯಾಸಕ್ಕೆ ಎಂಬತ್ತೈದು ಸೆಂಟಿಮೀಟರ್ ಉದ್ದದ ದೋಣಿ ಹೆಚ್ಚುವರಿ ಸಾಗುತ್ತದೆ ಎಂದಾಯಿತು. ಕಯಾಕಿನ ತುದಿಗಳು ಚೂಪಾಗಿರುವುದರಿಂದಲೂ, ಒಂದು ತುದಿಯನ್ನು ಮೇಲಕ್ಕೆತ್ತಿ ಓರೆ ಮಾಡಬಹುದಾದ್ದರಿಂದಲೂ ನಿಜದಲ್ಲಿ ಇನ್ನೂ ಸ್ವಲ್ಪ ಉದ್ದದ್ದು ತಿರುಗುತ್ತದೆ. ಆದರೆ ಆ ಸ್ವಲ್ಪವನ್ನು ನಂಬಿ ದುಡ್ಡು ಕೊಡಬೇಡಿ. ದೋಣಿಯಷ್ಟೇ ಉದ್ದದ ಪಿವಿಸಿ ಪೈಪಿಗೆ ನಡುವೆ ದೋಣಿಯ ಅಗಲದ ರಟ್ಟು ಕಟ್ಟಿ, ಇಬ್ಬರು ಹಿಡಿದು ಕೆಳಗಿನಿಂದ ಮನೆಯವರೆಗೆ ಒಮ್ಮೆ ಹೋಗಿಬನ್ನಿ. ಅರ್ಧ ಗಂಟೆಯ ಕೆಲಸ. ಅಕ್ಕಪಕ್ಕದವರು ಏನಂದುಕೊಂಡರೂ ಪರವಾಗಿಲ್ಲ.

ದಾರಿ ಸರಿಯಿದೆ ಎಂದಾದ ಮೇಲೆ ಜಾಗದ ಮಾತು. ಬೆಂಗಳೂರಿನ ಮನೆಗಳಲ್ಲಿ ಕಯಾಕಿಗೆ ಹೇಳಿ ಮಾಡಿಸಿದಂಥ ಜಾಗವೊಂದಿದ್ದು, ಹೊರದೇಶದ ವಿಡಿಯೋ ನೋಡಿ ಬಂದವರಿಗೆ ಅದು ಹೊಳೆಯುವುದೇ ಇಲ್ಲ. ಅದು ಬೆಡ್‌ರೂಮಿನ ಸಜ್ಜಾ. ಹಳೇ ಸೂಟ್‌ಕೇಸು, ದಸರಾ ಬೊಂಬೆ ಪೆಟ್ಟಿಗೆ, ಖಾಲಿ ಮಿಕ್ಸಿ ಡಬ್ಬ ತುಂಬಿರುವ ಆ ಕಾಂಕ್ರೀಟ್ ಹಲಗೆ ಸಾಮಾನ್ಯವಾಗಿ ನೆಲದಿಂದ 2.1 ಮೀ ಎತ್ತರದಲ್ಲಿ, 60 ಸೆಂಮೀ ಆಳಕ್ಕೆ, ಗೋಡೆಯಿಂದ ಗೋಡೆಗೆ ಹತ್ತು-ಹನ್ನೊಂದು ಅಡಿ ಉದ್ದಕ್ಕೆ ಇರುತ್ತದೆ. 25 ಕೆಜಿಯ ದೋಣಿ, ಸರಿಯಾಗಿ ಕಟ್ಟಿದ ಸಜ್ಜಾಕ್ಕೆ ಭಾರವೇ ಅಲ್ಲ. ಡ್ರಿಲ್ ಹೆಚ್ಚು ಬೇಡ, ಬಾಡಿಗೆ ಮನೆಯಾದರೆ ಮಾಲೀಕರನ್ನು ಒಪ್ಪಿಸುವುದೂ ಸುಲಭ.

ತೊಡಕು ಎರಡು ಇವೆ. ಮೊದಲನೆಯದು ಅಗಲ. ದೋಣಿಯೊಳಗೆ ಅಲ್ಲ, ಅದರ ಮೇಲೆ ಕೂತು ಹೋಗುವ ಸಿಟ್-ಆನ್-ಟಾಪ್ ಮಾದರಿ 75–80 ಸೆಂಮೀ ಅಗಲವಿರುತ್ತದೆ. ಸಜ್ಜಾದಿಂದ ಸೀಲಿಂಗಿಗೆ ಸಿಗುವ ಎತ್ತರ 65 ಸೆಂಮೀ ಆಸುಪಾಸು, ಆದ್ದರಿಂದ ಪಕ್ಕಕ್ಕೆ ಹೊರಳಿಸಿ ನಿಲ್ಲಿಸಲು ಆಗುವುದಿಲ್ಲ. 60 ಸೆಂಮೀ ಅಗಲದ ಟೂರಿಂಗ್ ಕಯಾಕ್ ಆದರೆ ಹಾಗೆ ನಿಲ್ಲುತ್ತದೆ, ಆದರೆ ಅದರ ಉದ್ದ 3.6 ಮೀಟರಿಗಿಂತ ಹೆಚ್ಚಿರುವುದರಿಂದ ಹನ್ನೊಂದು ಅಡಿ ರೂಮಿಗೆ ಬಾರದು. ಅಗಲದ ದೋಣಿಯನ್ನು ಬೋರಲಾಗಿ ಮಲಗಿಸಿದರೆ 15–20 ಸೆಂಮೀ ಹೊರಗೆ ಚಾಚುತ್ತದೆ. ಅದಕ್ಕೆ ಎರಡು ಮರದ ಪಟ್ಟಿ ಬೇಕು: ಎರಡು ಇಂಚು × ಮೂರು ಇಂಚಿನವು, ತಲಾ 75 ಸೆಂಮೀ ಉದ್ದ. ಇವನ್ನು ಸಜ್ಜಾದ ಆಳಕ್ಕೆ ಅಡ್ಡಲಾಗಿ, 15 ಸೆಂಮೀ ಹೊರಚಾಚುವಂತೆ ಇಟ್ಟು, ಒಳತುದಿಯನ್ನು ಎಲ್-ಕ್ಲಿಪ್‌ನಿಂದ ಗೋಡೆಗೆ ಬಿಗಿಯಿರಿ. ದೋಣಿಯ ತೂಕದ ಕೇಂದ್ರ ಗೋಡೆಯಿಂದ 37–40 ಸೆಂಮೀಗೆ ಬೀಳುತ್ತದೆ. ಅದು ಸಜ್ಜಾದ ಒಳಗೇ ಇರುವುದರಿಂದ ದೋಣಿ ಮುಂದಕ್ಕೆ ಮಗುಚುವುದಿಲ್ಲ. ಆದರೂ ದೋಣಿಯನ್ನು ಒಂದು ಪಾಲಿಯೆಸ್ಟರ್ ಪಟ್ಟಿಯಿಂದ ಗೋಡೆಯ ಕೊಕ್ಕೆಗೆ ಕಟ್ಟಿ. ಕೆಳಗೆ ಮಲಗುವವರು ನೀವೇ ತಾನೆ.

ಎರಡನೆಯದು ಏರಿಸುವುದು. ರೂಮಿನ ಅಗಲ ದೋಣಿಗಿಂತ ಕನಿಷ್ಠ 15 ಸೆಂಮೀ ಹೆಚ್ಚಿರಬೇಕು, ಇಲ್ಲದಿದ್ದರೆ ಒಂದು ತುದಿ ಏರಿಸಿದ ಮೇಲೆ ಇನ್ನೊಂದು ತುದಿ ಗೋಡೆಗೆ ತಾಗಿ ನಿಲ್ಲುತ್ತದೆ. ಇಬ್ಬರು ಬೇಕು, ಎರಡು ಏಣಿ ಬೇಕು. ಶುರುಮಾಡುವ ಮುಂಚೆ ಫ್ಯಾನ್ ಆಫ್ ಮಾಡಿ, ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿ. ಸೀಲಿಂಗ್ ಫ್ಯಾನಿನ ರೆಕ್ಕೆ ಸಜ್ಜಾದ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ, ದೋಣಿ ತಿರುಗಿಸುವಾಗ ಬಾಲ ಅಲ್ಲಿಗೇ ಹೋಗುತ್ತದೆ. ಸಜ್ಜಾದ ಅಂಚಿಗೆ ಹಳೇ ಜಮಖಾನ ಹಾಸಿದರೆ ತಳ ಗೀರುವುದಿಲ್ಲ.

ಗೋಡೆಗೆ ಬ್ರಾಕೆಟ್ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಮತ್ತು ಹೆಚ್ಚು ಕೆಡುವುದೂ ಅಲ್ಲೇ. ಕೆಡುವುದು ಬ್ರಾಕೆಟ್ ಅಲ್ಲ, ಮೇಲಿನ ಬೋಲ್ಟು. 25 ಕೆಜಿ ದೋಣಿ ಎರಡು ಬ್ರಾಕೆಟ್ ಮೇಲಿದ್ದರೆ ತಲಾ 12.5 ಕೆಜಿ. ದೋಣಿಯನ್ನು ಚಪ್ಪಟೆಯಾಗಿ ಮಲಗಿಸಿದರೆ ತೂಕದ ಕೇಂದ್ರ ಗೋಡೆಯಿಂದ ಸುಮಾರು 40 ಸೆಂಮೀ ದೂರ. ಬ್ರಾಕೆಟ್ಟಿನ ಮೇಲಿನ, ಕೆಳಗಿನ ಬೋಲ್ಟುಗಳ ಅಂತರ 20 ಸೆಂಮೀ ಇದ್ದರೆ, ಮೇಲಿನ ಬೋಲ್ಟನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 25 ಕೆಜಿಯಷ್ಟಾಗುತ್ತದೆ. ಅದೇ ದೋಣಿಯನ್ನು ಪಕ್ಕಕ್ಕೆ ಹೊರಳಿಸಿ ಗೋಡೆಗೆ ಒತ್ತಿ ನಿಲ್ಲಿಸಿದರೆ ಆ ದೂರ 20 ಸೆಂಮೀಗೆ ಇಳಿದು, ಎಳೆತವೂ ಅರ್ಧಕ್ಕಿಳಿಯುತ್ತದೆ. ರೂಮಿನಲ್ಲಿ ಓಡಾಡಲು ಜಾಗವೂ ಉಳಿಯುತ್ತದೆ. ಏರಿಸುವಾಗ ಕೈಜಾರಿ ಧೊಪ್ಪೆಂದು ಬೀಳುವ ಪೆಟ್ಟಿಗೂ ಸೇರಿಸಿ, ಬಂದ ಲೆಕ್ಕದ ನಾಲ್ಕೈದು ಪಟ್ಟು ತಾಳುವ ಬೋಲ್ಟ್ ಹಾಕಿ.

ಗೋಡೆ ಯಾವುದು ಎಂಬುದು ಇನ್ನೂ ಮುಖ್ಯ. ಕಾಂಕ್ರೀಟ್ ಕಂಬ ಅಥವಾ ಬೀಮ್ ಸಿಕ್ಕರೆ 8 ಎಂಎಂ ಆಂಕರ್ ಬೋಲ್ಟ್ ಸಾಕು. ಸಾಲಿಡ್ ಬ್ಲಾಕ್ ಗೋಡೆಯೂ ನಡೆಯುತ್ತದೆ. ಆದರೆ ಗಾರೆಯ ಸಂದಿಯಲ್ಲಿ ತೂತು ಕೊರೆಯದೆ ಬ್ಲಾಕಿನ ನಡುವೆ ಕೊರೆಯಿರಿ. ಹಾಲೋ ಬ್ಲಾಕಿನಲ್ಲಿ ಹಿಗ್ಗುವ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ, ಒಳಗೆ ಟೊಳ್ಳು. ಹೊಸ ಅಪಾರ್ಟ್‌ಮೆಂಟುಗಳ, ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕಿಗೆ ಸಾಧಾರಣ ಆಂಕರ್ ಬೋಲ್ಟ್ ಬಿಗಿದರೆ ಬ್ಲಾಕೇ ಪುಡಿಯಾಗುತ್ತದೆ. ಅದಕ್ಕೆಂದೇ ಮಾಡಿದ ಉದ್ದನೆಯ ನೈಲಾನ್ ಪ್ಲಗ್ ಅಥವಾ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು. ಡ್ರಿಲ್ಲಿನಿಂದ ಬೀಳುವ ಪುಡಿ ಬಿಳಿ ಅಥವಾ ತಿಳಿಬೂದು ಬಣ್ಣದ್ದಾಗಿ, ಹಿಟ್ಟಿನ ಹಾಗೆ ನುಣ್ಣಗಿದ್ದು, ಬಿಟ್ ಒತ್ತಡವೇ ಇಲ್ಲದೆ ಒಳಹೋದರೆ ಅಲ್ಲಿಗೇ ನಿಲ್ಲಿಸಿ, ಅದು ಎಎಸಿ.

ಕರಾವಳಿಯ ಮುರಕಲ್ಲಿನ ಗೋಡೆಯೂ ಇದೇ ಜಾತಿ. ಹೊರಗೆ ಗಟ್ಟಿ, ಒಳಗೆ ತೂತುತೂತು. ಮಳೆಗಾಲದಲ್ಲಿ ತೇವ ಕುಡಿದು ಪ್ಲಗ್ ಸಡಿಲವಾಗುತ್ತದೆ. ಆದರೆ ಹಂಚಿನ ಮನೆಯವರಿಗೆ ಬೇರೆ ಭಾಗ್ಯವಿದೆ: ತೊಲೆ. ಐದು ಸೆಂಮೀ ಅಗಲದ ಪಾಲಿಯೆಸ್ಟರ್ ಪಟ್ಟಿಯನ್ನು ತೊಲೆಗೆ ಸುತ್ತು ಹಾಕಿ ಎರಡು ಜೋಲಿ ಮಾಡಿದರೆ ಒಂದೂ ಮೊಳೆ ಹೊಡೆಯದೆ ದೋಣಿ ಮೇಲೆ ಮಲಗುತ್ತದೆ. ಪಟ್ಟಿ ಹಾಕುವ ಮುಂಚೆ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಗೆದ್ದಲು ತಿಂದ ಕಡೆ ಅದು ಸಲೀಸಾಗಿ ಒಳಹೋಗುತ್ತದೆ. ಹಂಚು ಹೊತ್ತ ತೆಳ್ಳನೆಯ ಪಕ್ಕಾಸಿಗೆ ಮಾತ್ರ ಏನನ್ನೂ ಕಟ್ಟಬೇಡಿ.

ರಾಟೆ ಹಾಕಿ ಸೀಲಿಂಗಿಗೆ ಎತ್ತುವ ಕಿಟ್‌ಗಳಿಗೆ ಸಿಗುವ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು. ಅವು ಗ್ಯಾರೇಜಿಗೆ ಮಾಡಿದವು. ನಮ್ಮ 2.8 ಮೀಟರ್ ಸೀಲಿಂಗಿನಲ್ಲಿ ರಾಟೆಗೆ 15, ಪಟ್ಟಿಗೆ 10, ದೋಣಿಗೆ 35–40 ಸೆಂಮೀ ಹೋದರೆ ತಲೆಗೆ ಉಳಿಯುವುದು 2.15–2.2 ಮೀ. ಸ್ಲ್ಯಾಬಿನೊಳಗೆ ಫ್ಯಾನ್, ಲೈಟಿನ ವೈರಿನ ಪೈಪುಗಳು ಹುದುಗಿರುತ್ತವೆ. ಅವು ಎಲ್ಲಿವೆಯೆಂದು ತಿಳಿಯದೆ ಕೊರೆದರೆ ಮನೆಯ ಅರ್ಧ ಕತ್ತಲೆ. ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ಏನೂ ನೇತುಹಾಕುವಂತಿಲ್ಲ, ಫ್ಯಾನಿನ ಕೊಕ್ಕೆಯನ್ನು ಬಳಸುವುದಂತೂ ಬೇಡವೇ ಬೇಡ.

ನೆಟ್ಟಗೆ ನಿಲ್ಲಿಸುವುದು 2.6 ಮೀಟರಿನೊಳಗಿನ ರಿವರ್ ಕಯಾಕಿಗೆ ಸರಿ. ಬಾಲದ ಕಡೆ ಕೆಳಗೆ, ಅಡಿಗೆ ದಪ್ಪ ರಬ್ಬರ್ ಮ್ಯಾಟು, ಮೂರನೇ ಎರಡು ಭಾಗ ಎತ್ತರದಲ್ಲಿ ಗೋಡೆಗೆ ಒಂದು ಪಟ್ಟಿ. ಹತ್ತು ಅಡಿಯದನ್ನು ಓರೆಯಾಗಿಟ್ಟರೆ ಆಗದೇ ಎಂದರೆ, ಅದು ನೆಲದಲ್ಲಿ 1.3 ಮೀಟರಿನಷ್ಟು ಜಾಗ ನುಂಗುತ್ತದೆ, ಉಪಯೋಗವಿಲ್ಲ. ಮಂಚದ ಕೆಳಗೂ ಆಗದು: ಅಲ್ಲಿ ಸಿಗುವುದು 25–30 ಸೆಂಮೀ.

ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಕಾರಿನ ಬಾನೆಟ್ ಮೇಲಿನ ಗೋಡೆ ಖಾಲಿಯೇ ಇರುತ್ತದೆ. ಸಂಘದವರ ಒಪ್ಪಿಗೆ ಪಡೆದು ಅಲ್ಲಿ ಸ್ಲಾಟೆಡ್ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಬಹುದು. ಸ್ಪ್ರಿಂಕ್ಲರ್ ಪೈಪಿಗೂ ಕೇಬಲ್ ಟ್ರೇಗೂ ಕಟ್ಟುವಂತಿಲ್ಲ. ಮೆಟ್ಟಿಲು, ಮೆಟ್ಟಿಲಿನ ತಿರುವು, ಮೀಟರ್ ಬೋರ್ಡಿನ ಮುಂದೆ ಇಡಲೇಬಾರದು. ದೋಣಿಯ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ಚೆನ್ನಾಗಿ ಉರಿಯುವ ವಸ್ತು, ಬೆಂಕಿ ಬಿದ್ದಾಗ ಜನ ಓಡುವುದೂ ಅಲ್ಲಿಂದಲೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬೇಸ್‌ಮೆಂಟುಗಳು ತುಂಬಿದ್ದು ನೆನಪಿದ್ದರೆ, ದೋಣಿಯನ್ನೂ ಸ್ಟ್ಯಾಂಡಿಗೆ ಕಟ್ಟಿಡಿ. ಅಲ್ಲಿ ಮುಳುಗದೆ ತೇಲಿಹೋಗುವ ಆಸ್ತಿ ಅದೊಂದೇ.

ಎಲ್ಲಿಟ್ಟರೂ ಆಧಾರ ಕೊಡುವ ಕ್ರಮ ಒಂದೇ. ಪ್ಲಾಸ್ಟಿಕ್ ದೋಣಿಗೆ ತನ್ನ ತೂಕವೇ ಶತ್ರು: ಎರಡು ತೆಳ್ಳನೆ ಕಂಬಿಯ ಮೇಲೆ ತಿಂಗಳುಗಟ್ಟಲೆ ತಳವೂರಿ ಕೂತರೆ, ಅದರಲ್ಲೂ ಶೀಟಿನ ಮಾಡಿನ ಕೆಳಗಿನ ಸೆಕೆಗೆ, ಆ ಎರಡು ಕಡೆ ಗುಳಿ ಬೀಳುತ್ತದೆ. ಗುಳಿ ಬಿದ್ದ ದೋಣಿ ನೀರಿನಲ್ಲಿ ನೆಟ್ಟಗೆ ಹೋಗುವುದಿಲ್ಲ. ಆದ್ದರಿಂದ ಬೋರಲು ಹಾಕಿ ಅಥವಾ ಪಕ್ಕಕ್ಕೆ ಹೊರಳಿಸಿ. ಅಂಚುಗಳು ತಳಕ್ಕಿಂತ ಗಟ್ಟಿ. ಆಧಾರಗಳು ಎರಡು ತುದಿಯಿಂದ ಉದ್ದದ ಕಾಲು ಭಾಗಕ್ಕೆ ಬರಲಿ, ಮೂರು ಮೀಟರಿನದಕ್ಕೆ 75 ಸೆಂಮೀ ಒಳಗೆ. ಕಬ್ಬಿಣಕ್ಕೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಹಾಕಿ. ಎಸಿ ಬಿಡಿಭಾಗದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತುದಿಯ ಹಿಡಿಕೆಗಳಿಂದ ಮಾತ್ರ ನೇತುಹಾಕಬೇಡಿ: ಅವು ಎತ್ತಿ ಒಯ್ಯಲು ಇರುವವು, ತೂಗಿಸಿದರೆ ನಡು ಬಾಗುತ್ತದೆ. ಗುಳಿ ಬಿದ್ದಾಗಿದ್ದರೆ ಅವಸರ ಬೇಡ. ಆ ಭಾಗ ಮೇಲೆ ಬರುವಂತೆ ಬಿಸಿಲಿಗಿಟ್ಟರೆ ಬಹುತೇಕ ತಾನಾಗಿ ಉಬ್ಬುತ್ತದೆ. ಉಳಿದದ್ದಕ್ಕೆ ಬಿಸಿನೀರು ಸುರಿದು ಒಳಗಿನಿಂದ ಮರದ ತುಂಡಿನಿಂದ ಒತ್ತಿ, ತಣ್ಣೀರು ಹಾಕಿ.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆಯ ಹಿನ್ನೀರು, ಉಡುಪಿ ಕಡೆಯ ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಇಲ್ಲೆಲ್ಲ ನೀರು ಉಪ್ಪು. ಜೂನಿನಿಂದ ಸೆಪ್ಟೆಂಬರಿನವರೆಗೆ ದೋಣಿ ಒಳಗೇ ಇರುವ ಕಾಲ, ಹಾಗಾಗಿ ಕೊನೆಯ ತೊಳೆತ ಚೆನ್ನಾಗಿ ಆಗಬೇಕು. ಸಿಹಿನೀರಿನಲ್ಲಿ ತೊಳೆಯಿರಿ, ಕಾಲಿಡುವ ಹಳಿಯ ಸಂದಿಯ ಮರಳು ತೆಗೆಯಿರಿ, ಎರಡು ದಿನ ನೆರಳಿನಲ್ಲಿ ಒಣಗಿಸಿ. ನೀರು ಬಸಿಯುವ ತೂತಿನ ಡ್ರೈನ್ ಪ್ಲಗ್, ಸಾಮಾನಿಡುವ ಹ್ಯಾಚಿನ ಮುಚ್ಚಳ ತೆಗೆದೇ ಇಡಿ. ಮುಚ್ಚಿಟ್ಟರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತೆರೆದ ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿದರೆ ಗಾಳಿ ಆಡುತ್ತದೆ, ಹಲ್ಲಿ ಮೊಟ್ಟೆ ಇಡುವುದಿಲ್ಲ. ಪ್ಲಾಸ್ಟಿಕ್ ಶೀಟು ಬಿಗಿಯಾಗಿ ಹೊದಿಸುವುದು ತಪ್ಪು.

ಈ ಯಾವುದೂ ಸಾಧ್ಯವಿಲ್ಲದ ಮನೆಗೆ ಮಡಚುವ ದೋಣಿ ಇದೆ. ಈ ಯೋಚನೆ ಹೊಸತೇನಲ್ಲ: ಮ್ಯೂನಿಕ್‌ನ ವಿದ್ಯಾರ್ಥಿ ಆಲ್‌ಫ್ರೆಡ್ ಹಾಯ್‌ರಿಶ್ 1905ರಲ್ಲಿ ಮಾಡಿದ ಮಡಚುವ ಕಯಾಕಿನ ಹಕ್ಕನ್ನು ರೋಸನ್‌ಹೈಮ್‌ನ ದರ್ಜಿ ಯೋಹಾನ್ ಕ್ಲೆಪರ್ 1907ರಲ್ಲಿ ಕೊಂಡ. ಅಂಥದೇ ಕ್ಲೆಪರ್ ದೋಣಿಯಲ್ಲಿ ಜರ್ಮನ್ ವೈದ್ಯ ಹಾನ್ನೆಸ್ ಲಿಂಡೆಮನ್ 1956ರಲ್ಲಿ ಅಟ್ಲಾಂಟಿಕ್ ದಾಟಿದ. ಸ್ಯಾನ್ ಫ್ರಾನ್ಸಿಸ್ಕೋದ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಕಯಾಕಿಗೆ ಜಾಗ ಸಾಲದೆ ಆಂಟನ್ ವಿಲ್ಲಿಸ್ ಎಂಬ ವಾಸ್ತುಶಿಲ್ಪಿ ಒರಿಗಾಮಿ ಹಾಗೆ ಮಡಚುವ ಓರು ಕಯಾಕ್ ಮಾಡಿದ. ಮಡಚಿದರೆ ದೊಡ್ಡ ಸೂಟ್‌ಕೇಸಿನಷ್ಟು, ತೂಕ 12 ಕೆಜಿ ಆಸುಪಾಸು. ನಮ್ಮಲ್ಲಿ ಸುಲಭವಾಗಿ ಸಿಗುವುದು ಗಾಳಿ ತುಂಬುವ ಪಿವಿಸಿ ದೋಣಿ, 12–18 ಕೆಜಿ. ಮಂಚದ ಕೆಳಗೆ ಹೋಗುವುದು ಇದೇ. ಒಣಗಿಸುವಾಗ ಗಾಳಿ ತುಂಬಿಯೇ ಇಟ್ಟು, ಅಡಿಭಾಗದ ಕೊಳವೆ ಮತ್ತು ತಳ ಸೇರುವ ಸಂದಿಯನ್ನು ಬಟ್ಟೆಯಿಂದ ಒರೆಸಿ. ನೀರು ನಿಲ್ಲುವುದು ಅಲ್ಲೇ, ಮುಗ್ಗಲು ವಾಸನೆ ಶುರುವಾಗುವುದೂ ಅಲ್ಲಿಂದಲೇ. ಬಿಗಿಯಾಗಿ ಮಡಚದೆ ಸಡಿಲವಾಗಿ ಸುತ್ತಿ, ಪ್ರತಿ ಸಲ ಮಡಿಕೆ ಬದಲಿಸಿ. ಇಲಿ ಓಡಾಡುವ ಮನೆಯಾದರೆ ಬ್ಯಾಗಿನ ಸಮೇತ ಕಬ್ಬಿಣದ ಟ್ರಂಕಿನೊಳಗಿಡಿ. ಒಂದು ರಾತ್ರಿಯಲ್ಲಿ ಮೂರು ತೂತು ಮಾಡುವ ಪ್ರಾಣಿ ಅದು. ಟ್ರಂಕಿಗೆ ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಎರಡು ತುಂಡಿನ ಹುಟ್ಟನ್ನು ಬಿಚ್ಚಿಯೇ ಇಡಬೇಕು. ಉಪ್ಪು ಕೂತರೆ ಜೋಡಣೆ ಕಚ್ಚಿಕೊಂಡು, ಮುಂದಿನ ಅಕ್ಟೋಬರಿನಲ್ಲಿ ಇಬ್ಬರು ಎಳೆದರೂ ಬಿಡುವುದಿಲ್ಲ. ಲೈಫ್ ಜಾಕೆಟನ್ನು ದೋಣಿಯ ಕೆಳಗೆ ತುರುಕದೆ ಅಗಲ ಹ್ಯಾಂಗರಿಗೆ ನೇತುಹಾಕಿ. ಒಳಗಿನ ಫೋಮ್ ಒಮ್ಮೆ ಚಪ್ಪಟೆಯಾದರೆ ತೇಲಿಸುವ ಶಕ್ತಿ ಅಷ್ಟಕ್ಕೆ ಕಮ್ಮಿ.