ಮೌನವಾಗಿ ಕೂರುವವರಿಗೆ ಪಾಸ್ಟರ್ ಯಾಕೆ?

ಅಮೆರಿಕದ ಇಂಡಿಯಾನಾ ರಾಜ್ಯದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಪಾಸ್ಟರ್ ಫಿಲಿಪ್ ಗಲ್ಲಿ, ಸಣ್ಣ ಊರಿನ ಕ್ವೇಕರ್ ಪಾಸ್ಟರ್ ಒಬ್ಬನನ್ನು ಕುರಿತು ಬರೆದಿರುವ ‘ಹಾರ್ಮನಿ’ ಸರಣಿಯ ಹಾಸ್ಯ ಕಾದಂಬರಿಗಳ ಬಗ್ಗೆ ನಾನು ಯಾರ ಬಳಿ ಮಾತು ತೆಗೆದರೂ ಒಂದೇ ಪ್ರಶ್ನೆ ಎದುರಾಗುತ್ತದೆ. ಕ್ವೇಕರರು ಪಾದ್ರಿಗಳೇ ಬೇಡವೆಂದು ಮೌನವಾಗಿ ಕುಳಿತು ಆರಾಧಿಸುವವರಲ್ಲವೇ, ಹಾಗಿದ್ದ ಮೇಲೆ ಕ್ವೇಕರ್ ಪಾಸ್ಟರ್ ಎಂಬುವನು ಎಲ್ಲಿಂದ ಬಂದ, ಸಣ್ಣ ಊರೊಂದರಲ್ಲಿ ಅವನು ನಡೆಸುವ ಬದುಕಿನಲ್ಲಿ ನಗುವಂಥದ್ದು ಏನಿದೆ? ಕೇಳುವವರಿಗೆ ಇವು ಎರಡು ಪ್ರಶ್ನೆಗಳಂತೆ ಕಾಣುತ್ತವೆ. ನನ್ನ ಮಟ್ಟಿಗೆ ಮೊದಲನೆಯದಕ್ಕೆ ಸರಿಯಾಗಿ ಉತ್ತರಿಸಿದರೆ ಎರಡನೆಯದರ ಉತ್ತರ ಅದರೊಳಗೇ ಸಿಕ್ಕಿಬಿಡುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಕ್ವೇಕರ್ ಎಂಬ ಹೆಸರು ಗೊತ್ತಾಗಿರುವುದು ಓಟ್ಸ್ ಡಬ್ಬಿಯಿಂದ. 1877ರಲ್ಲಿ ನೋಂದಣಿಯಾದ ಆ ವ್ಯಾಪಾರ ಮುದ್ರೆಗೂ ಈ ಪಂಥಕ್ಕೂ ಯಾವ ಸಂಬಂಧವೂ ಇಲ್ಲ. ಪಂಥ ಹುಟ್ಟಿದ್ದು 17ನೇ ಶತಮಾನದ ನಡುವೆ, ಇಂಗ್ಲೆಂಡಿನಲ್ಲಿ, ಜಾರ್ಜ್ ಫಾಕ್ಸ್ ಎಂಬಾತನ ಉಪದೇಶದಿಂದ. ದೇವರ ಮಾತಿನ ಮುಂದೆ ನಡುಗಬೇಕೆಂದು ಹೇಳಿದ ಫಾಕ್ಸ್‌ನನ್ನೂ ಅವನ ಸಂಗಡಿಗರನ್ನೂ 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬ ‘ಕ್ವೇಕರರು’, ಅಂದರೆ ನಡುಗುವವರು, ಎಂದು ಹಂಗಿಸಿದ್ದೇ ಹೆಸರಾಗಿ ಉಳಿಯಿತು. ಅವರು ತಮ್ಮನ್ನು ಕರೆದುಕೊಂಡಿದ್ದು ಸ್ನೇಹಿತರು ಎಂದು. ಪ್ರತಿಯೊಬ್ಬರಲ್ಲೂ ದೇವರ ಬೆಳಕು ಇರುವಾಗ ನಡುವೆ ಇನ್ನೊಬ್ಬ ಏಕೆ ಬೇಕು ಎಂಬುದು ಅವರ ವಾದದ ತಿರುಳು. ಆದ್ದರಿಂದ ಸಂಬಳದ ಪಾದ್ರಿಗಳನ್ನು ಅವರು ಕೂಲಿಯ ಬೋಧಕರೆಂದು ಜರೆದರು, ನೀರಿನ ದೀಕ್ಷಾಸ್ನಾನವನ್ನೂ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರವನ್ನೂ ಕೈಬಿಟ್ಟರು, ಸುಮ್ಮನೆ ಒಟ್ಟಿಗೆ ಕುಳಿತು ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತದೆಯೋ ಅವರು ಎದ್ದು ಮಾತಾಡಲಿ ಎಂದು ಕಾದರು.

ಇಂಥವರ ನಡುವೆ ಪಾಸ್ಟರ್ ಬಂದದ್ದು ಎರಡು ಶತಮಾನಗಳ ನಂತರ, ಅದೂ ಅಮೆರಿಕದ ಮಧ್ಯಪಶ್ಚಿಮದಲ್ಲಿ. 19ನೇ ಶತಮಾನದ ಆರಂಭದಲ್ಲಿ ಉತ್ತರ ಕೆರೊಲಿನಾದ ಕ್ವೇಕರರು ಗುಲಾಮಗಿರಿಯ ನೆಲದಲ್ಲಿ ಬಾಳಲಾರದೆ, ಅದಕ್ಕೆ ಕಾನೂನಿನ ನಿಷೇಧವಿದ್ದ ಒಹಾಯೊ ಮತ್ತು ಇಂಡಿಯಾನಾಗಳಿಗೆ ಬಂಡಿ ಕಟ್ಟಿಕೊಂಡು ಹೊರಟರು. ಇಂಡಿಯಾನಾದ ರಿಚ್ಮಂಡ್ ಸುತ್ತಮುತ್ತ ಅವರ ಊರುಗಳು ಎದ್ದವು. ಅಂತರ್ಯುದ್ಧ ಮುಗಿದ ಮೇಲೆ, 1860 ಮತ್ತು 70ರ ದಶಕಗಳಲ್ಲಿ, ನೆರೆಯ ಮೆಥಡಿಸ್ಟ್ ಪಂಥದವರಿಂದ ಹಬ್ಬಿದ, ಭಕ್ತಿಯನ್ನು ಹೊಸದಾಗಿ ಎಬ್ಬಿಸುವ ಉಜ್ಜೀವನ ಸಭೆಗಳ ಅಲೆ ಆ ಊರುಗಳನ್ನೂ ಮುಟ್ಟಿತು. ಹಾಡು ಬಂತು, ಪ್ರಸಂಗ ಎನ್ನುವ ಉಪದೇಶದ ಭಾಷಣ ಬಂತು, ಮೌನದ ಅಭ್ಯಾಸವೇ ಇಲ್ಲದ ಹೊಸಬರು ನೂರಾರು ಸಂಖ್ಯೆಯಲ್ಲಿ ಬಂದು ಸೇರಿದರು. ಅವರಿಗೆ ಕಲಿಸುವವರು, ಕಾಯಿಲೆ ಬಿದ್ದವರ ಮನೆಗೆ ಹೋಗುವವರು, ಸತ್ತವರನ್ನು ಮಣ್ಣು ಮಾಡುವಾಗ ಎದುರು ನಿಲ್ಲುವವರು ಬೇಕಾದರು. ಪಾಸ್ಟರ್ ನೇಮಕವಾದದ್ದು ಹೀಗೆ. ಇಂಗ್ಲೆಂಡಿನ ಕ್ವೇಕರರು ಇದನ್ನು ಒಪ್ಪಲಿಲ್ಲ, ಇಂದಿಗೂ ಮೌನದಲ್ಲೇ ಕೂರುತ್ತಾರೆ. ಆದರೆ ಕೀನ್ಯಾದವರನ್ನೂ ಸೇರಿಸಿಕೊಂಡರೆ ಇಂದು ಜಗತ್ತಿನ ಬಹುಪಾಲು ಕ್ವೇಕರರ ಆರಾಧನೆ ಪಾಸ್ಟರ್ ಇರುವಂಥದ್ದೇ.

ಗಮನಿಸಬೇಕಾದದ್ದು, ಪಾಸ್ಟರ್ ಬಂದ ಮೇಲೂ ಹಳೆಯ ನಂಬಿಕೆ ಹೋಗಲಿಲ್ಲ. ಮಂಗಳೂರು, ಧಾರವಾಡಗಳ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳನ್ನು ಬಲ್ಲವರಿಗೆ ಸಭಾಪಾಲಕರ, ಅಂದರೆ ಪಾಸ್ಟರ್‌ಗಳ, ಹಿಂದೆ ಬಿಷಪ್ಪರಿರುತ್ತಾರೆ, ತಲೆಯ ಮೇಲೆ ಕೈಯಿಟ್ಟು ಕೊಟ್ಟ ದೀಕ್ಷೆಯಿರುತ್ತದೆ ಎಂಬುದು ಗೊತ್ತು. ಕ್ವೇಕರರಲ್ಲಿ ದೀಕ್ಷೆಯೇ ಇಲ್ಲ. ಒಬ್ಬರಿಗೆ ಬೋಧನೆಯ ವರವಿದೆ ಎಂದು ಕಂಡರೆ ಅದನ್ನು ದಾಖಲೆಯಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ. ಸಂಬಳ ಕೊಡುವವರು, ಮನೆ ಕೊಡುವವರು, ಕೆಲಸದಿಂದ ಬಿಡಿಸಬಲ್ಲವರು ಎಲ್ಲರೂ ಅದೇ ಬೆಂಚುಗಳ ಮೇಲೆ ಕೂತಿರುವ ಊರಿನವರು, ಮತ್ತು ಅವರಲ್ಲಿ ಪ್ರತಿಯೊಬ್ಬರ ಒಳಬೆಳಕೂ ಪಾಸ್ಟರಿನ ಒಳಬೆಳಕಿನಷ್ಟೇ ಪ್ರಮಾಣ. ಹೊಣೆಯೆಲ್ಲ ಇದೆ, ಅಧಿಕಾರ ಮಾತ್ರ ಇಲ್ಲ. ಹಾಸ್ಯಕ್ಕೆ ಇದಕ್ಕಿಂತ ಫಲವತ್ತಾದ ನೆಲವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಓದಿಗೆಂದು ಇಂಡಿಯಾನಾದಲ್ಲಿದ್ದ ಕಾಲದಲ್ಲಿ ಸಹಪಾಠಿಯೊಬ್ಬರು ತಮ್ಮ ಊರಿನ ಕ್ವೇಕರ್ ಮೀಟಿಂಗಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಚರ್ಚ್ ಎನ್ನುವ ಕಡೆ ಅವರು ಮೀಟಿಂಗ್ ಎನ್ನುತ್ತಾರೆ. ಪಾಸ್ಟರ್ ಕಾಲು ಗಂಟೆ ಪ್ರಸಂಗ ಮಾಡಿ ಕುಳಿತರು, ಮೌನ ಶುರುವಾಯಿತು. ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಬೆಂಚನ್ನು ಹಿಡಿದುಕೊಂಡು ವಯಸ್ಸಾದ ರೈತರೊಬ್ಬರು ನಿಧಾನವಾಗಿ ಎದ್ದರು. ತಡವಾಗಿ ಬಿದ್ದ ಹಿಮಕ್ಕೆ ತಮ್ಮ ಟೊಮ್ಯಾಟೊ ಸಸಿಗಳೆಲ್ಲ ಸತ್ತವೆಂದೂ, ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದ ಪಕ್ಕದ ಜಮೀನಿನವರು ಬೆಳಗಾಗುವುದರೊಳಗೆ ಒಂದು ತಟ್ಟೆ ಸಸಿ ಬಾಗಿಲಲ್ಲಿಟ್ಟು ಹೋಗಿದ್ದರೆಂದೂ ಹೇಳಿದರು. ಆಮೇಲೆ ಅವರ ಮಾತು ಯಾವ ತಳಿ ಹಿಮ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದರ ಕಡೆ ಹರಿದು ಬಹಳ ಹೊತ್ತು ಅಲ್ಲೇ ನಿಂತಿತು. ಯಾರೂ ತಡೆಯಲಿಲ್ಲ. ಪಾಸ್ಟರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆ ಭಾನುವಾರದ ಪ್ರಸಂಗದಲ್ಲಿ ಏನಿತ್ತೆಂದು ನನಗೆ ನೆನಪಿಲ್ಲ, ಸಸಿಗಳ ತಟ್ಟೆ ಮಾತ್ರ ನೆನಪಿದೆ.

ಊಟವಾದ ಮೇಲೆ ಅಲ್ಲೇ ಆಡಳಿತದ ಸಭೆ ನಡೆಯಿತು. ಕ್ವೇಕರರು ಮತ ಎಣಿಸುವುದಿಲ್ಲ. ಎಲ್ಲರ ಮಾತು ಕೇಳಿ ಸಭೆಯ ಮನಸ್ಸು ಯಾವ ಕಡೆಗಿದೆ ಎಂದು ಕಂಡುಕೊಂಡು, ಕ್ಲರ್ಕ್ ಎಂದು ಕರೆಯಲಾಗುವವರು ನಿರ್ಣಯವನ್ನು ಕೂತಲ್ಲೇ ಬರೆದು ಓದಿ ಹೇಳುತ್ತಾರೆ. ಅಡುಗೆಮನೆಯ ಹಳೆಯ ಒಲೆಯನ್ನು ಬದಲಾಯಿಸುವ ವಿಷಯವಿತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಒಪ್ಪಿದರು, ಒಬ್ಬ ಅಜ್ಜಿ ಮಾತ್ರ ‘ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ’ ಎಂದರು. ಕಾರಣ ಕೇಳಿದರೆ ಕಾರಣವನ್ನೂ ಹೇಳಲಿಲ್ಲ. ಕ್ಲರ್ಕ್ ಪೆನ್ನು ಕೆಳಗಿಟ್ಟರು, ಎಲ್ಲರೂ ಒಂದೆರಡು ನಿಮಿಷ ಸುಮ್ಮನಿದ್ದರು, ವಿಷಯ ಮುಂದಿನ ತಿಂಗಳಿಗೆ ಹೋಯಿತು. ಇದು ಮೂರನೆಯ ಮುಂದೂಡಿಕೆ ಎಂದು ನನ್ನ ಸಹಪಾಠಿ ಆಮೇಲೆ ತಿಳಿಸಿದರು. ಅಷ್ಟೂ ಹೊತ್ತು ಪಾಸ್ಟರ್ ಕೊನೆಯ ಸಾಲಿನಲ್ಲಿ ಕೂತಿದ್ದರು, ಅವರ ಒಪ್ಪಿಗೆಗೆ ಇತರರ ಒಪ್ಪಿಗೆಗಿಂತ ಗುಲಗಂಜಿಯಷ್ಟೂ ಹೆಚ್ಚು ತೂಕವಿರಲಿಲ್ಲ.

2000ದಲ್ಲಿ ಮೊದಲ ಪುಸ್ತಕ ಬಂದ ಹಾರ್ಮನಿ ಸರಣಿಯಲ್ಲಿರುವುದು ಇದೇ ಲೋಕ. ಸ್ಯಾಮ್ ಗಾರ್ಡ್ನರ್ ತಾನು ಹುಟ್ಟಿ ಬೆಳೆದ ಊರಿಗೇ ಪಾಸ್ಟರಾಗಿ ಮರಳುತ್ತಾನೆ. ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಅವನನ್ನು ನೋಡಿದವರಿಗೆ ಅವನು ಉಪದೇಶ ಮಾಡಬೇಕು. ಹೆಂಗಸರ ಮಂಡಳಿಯ ಫರ್ನ್ ಹ್ಯಾಂಪ್ಟನ್‌ಗೆ ವರ್ಷಕ್ಕೊಮ್ಮೆ ನಡೆಯುವ ಕೋಳಿ ನೂಡಲ್ಸ್ ಊಟವೆಂದರೆ ಅಷ್ಟಿಷ್ಟಲ್ಲದ ಅಭಿಮಾನ. ಮೀಟಿಂಗಿನ ಹಿರಿಯನಾದ ಡೇಲ್ ಹಿನ್ಷಾನಿಗೆ ಹೊಸ ಹೊಸ ಧರ್ಮಪ್ರಚಾರದ ಯೋಜನೆಗಳು ಹೊಳೆಯುತ್ತಲೇ ಇರುತ್ತವೆ. ಕೋಳಿಮೊಟ್ಟೆಯ ಮೂಲಕ ಬೈಬಲ್ ವಚನ ಹಂಚುವುದು ಅವುಗಳಲ್ಲೊಂದು. ಬೇರೆ ಪಂಥದ ಪಾಸ್ಟರ್ ಆಗಿದ್ದರೆ ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಸ್ಯಾಮ್‌ಗೆ ಹಾಗೆ ಹೇಳುವ ಹಕ್ಕಿಲ್ಲ. ಡೇಲ್‌ನ ಒಳಗೂ ದೇವರ ಬೆಳಕಿದೆ ಎಂದು ಅವನ ಪಂಥವೇ ಹೇಳುತ್ತದೆ, ಸ್ಯಾಮ್ ಅದನ್ನು ನಂಬಿಯೂ ಇದ್ದಾನೆ. ನಂಬಿಕೆಗೂ ತಾಳ್ಮೆಗೂ ನಡುವೆ ಅವನು ಪಡುವ ಪಾಡೇ ನಗು ತರಿಸುತ್ತದೆ. ಮುಂದಿನ ಪುಸ್ತಕದಲ್ಲಿ ಅವನ ನಂಬಿಕೆಯೇ ಕುಸಿಯುವಾಗ ನಗುತ್ತಲೇ ನಮಗೆ ಗಂಟಲು ಕಟ್ಟುತ್ತದೆ.

ಸಣ್ಣ ಊರಿನ ಜನರನ್ನು ಇಟ್ಟುಕೊಂಡು ನಗಿಸುವುದು ಸುಲಭ, ಅವರನ್ನು ಕೀಳು ಮಾಡದೆ ನಗಿಸುವುದು ಕಷ್ಟ. ಗಲ್ಲಿ ಅವರಿಗೆ ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ನನಗೆ ಕಂಡ ಕಾರಣ ಅವರ ಕಾದಂಬರಿಗಳ ಹೊರಗಿದೆ. ಜೇಮ್ಸ್ ಮುಲ್‌ಹಾಲಂಡ್ ಅವರೊಡನೆ ಬರೆದು 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ದೇವರು ಕೊನೆಗೆ ಒಬ್ಬರನ್ನೂ ಬಿಡದೆ ಎಲ್ಲರನ್ನೂ ರಕ್ಷಿಸುತ್ತಾನೆ ಎಂದು ವಾದಿಸಿದರು. ನರಕವನ್ನು ನಂಬುವವರು ಅವರ ಪಂಥದಲ್ಲೂ ಇದ್ದಾರೆ. ಪಾಸ್ಟರ್ ಎಂಬ ದಾಖಲೆಯಿಂದ ಅವರ ಹೆಸರು ತೆಗೆಯಬೇಕೆಂದು ಕೆಲವರು ಒತ್ತಾಯಿಸಿದರು. ಒಬ್ಬರನ್ನೂ ಹೊರಗಿಡದ ದೇವರನ್ನು ನಂಬಿದ ಲೇಖಕ ತನ್ನ ಕತೆಯಿಂದ ಡೇಲ್ ಹಿನ್ಷಾನನ್ನು ಹೊರಗೆ ಹಾಕುವುದಾದರೂ ಹೇಗೆ? ಸ್ಯಾಮ್‌ನ ನಿದ್ದೆ ಕೆಡಿಸುವ ಆ ಮನುಷ್ಯ ಪುಸ್ತಕದಿಂದ ಪುಸ್ತಕಕ್ಕೆ ಹೊಸದೊಂದು ಯೋಜನೆಯೊಂದಿಗೆ ಮತ್ತೆ ಬರುತ್ತಾನೆ, ಅವನ ಮಾತನ್ನು ಮತ್ತೆ ಪೂರ್ತಿ ಕೇಳಲಾಗುತ್ತದೆ.